ಕೊಳವೆಯೊಳಗಿನ ಹಸಿರು ಖಣ

“ಯಾರೂ ಮುಟ್ಟಬ್ಯಾಡ್ರಿ! ಮಾಟ ಐತದು, ಮಾಟ!”

ಓವರ್ಸಿಯರ್ ಮೈಲಾರಪ್ಪ ಕೂಗಿದ್ದೇ ತಡ, ತಗ್ಗಿನಲ್ಲಿದ್ದ ಕೂಲಿಯಾಳುಗಳು ಗುದ್ದಲಿ ಬಿಸಾಕಿ ಒಬ್ಬರ ಮೇಲೊಬ್ಬರು ಬಿದ್ದು ಮೇಲೆ ಹತ್ತಿದರು. ಕೆಳಗೆ ಉಳಿದದ್ದು ಕೊಯ್ದಿಟ್ಟ ಬೀಡುಕಬ್ಬಿಣದ ಕೊಳವೆ, ಅದರ ಬಾಯಿಂದ ಅರ್ಧ ಹೊರಗೆ ಇಣುಕುತ್ತಿದ್ದ ಹಸಿರು ಗಂಟು, ಮತ್ತು ಏಕನಾಥರಾಯರು.

ರಾಯರು ಹತ್ತಲಿಲ್ಲ. ಹತ್ತುವ ಮನಸ್ಸಿದ್ದರೂ ಮೊಣಕಾಲು ಕೇಳುತ್ತಿರಲಿಲ್ಲ. ಪೊಲೀಸ್ ಫೌಜದಾರಿಕೆಯಿಂದ ನಿವೃತ್ತರಾಗಿ, ಮನೆಯಲ್ಲಿ ಕೂತು ಹೆಂಡತಿಗೆ ಬೇಸರ ತರಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದ ಅವರನ್ನು ಮುನ್ಸಿಪಾಲಿಟಿಯವರು ಮೊನ್ನೆ ಬಂದು ಕರೆದೊಯ್ದಿದ್ದರು. ಕಲೆಕ್ಟರ್ ಸಾಹೇಬರು ತಿರುವಿದ ಹೊಸ ನಳ ಒಂದು ತಂಬಿಗೆ ನೀರು ಕೊಟ್ಟು, ಕೆಮ್ಮಿ, ಹುಬ್ಬಳ್ಳಿಯ ಸಮಸ್ತರ ಎದುರು ಬಾಯಿ ಮುಚ್ಚಿಕೊಂಡಿತ್ತು. ಅದರ ಗಂಟಲಲ್ಲಿ ಸಿಕ್ಕಿಕೊಂಡದ್ದು ಈಗ ರಾಯರ ಕೈಗೆ ಬಂತು.

ಗಂಟು ಬಿಚ್ಚಿದರು. ಹಸಿರು ರವಿಕೆ ಖಣ, ಕೆಂಪು ಅಂಚಿನದು. ಒಂದು ಬದಿಯ ಅಂಚನ್ನು ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿಕೊಂಡಿದ್ದರು. ಒಳಗೆ ನೀರು ಕುಡಿದು ಉಬ್ಬಿ ಬೆಣೆಯಂತೆ ಗಟ್ಟಿಯಾಗಿದ್ದ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿನದ ಕೊಂಬು.

“ಕಾಕಾ, ಇದು ಇಲ್ಲಿತನಕ ಬಂದದ್ದರೆ ಹೆಂಗ?”

ಮೇಲಿನಿಂದ ಬಗ್ಗಿ ಕೇಳಿದವನು ಇಂಜಿನಿಯರ್ ಯಜ್ಞೇಶ್ವರ. ಕೆರೆಯ ನೀರನ್ನು ದಿಬ್ಬದ ಟಾಕಿಗೆ ಏರಿಸಿ, ಅಲ್ಲಿಂದ ಓಣಿ ಓಣಿಗೆ ಕೊಳವೆ ಇಳಿಸಿ, ಬರುವ ವರ್ಷ ಗಟಾರಗಳನ್ನೂ ನೆಲದೊಳಗೆ ಹುಗಿದುಬಿಡುತ್ತೇನೆಂದು ಹೊರಟಿದ್ದ ಹುಡುಗ. ಮೂವತ್ತು ದಾಟಿದವನನ್ನು ಹುಡುಗ ಎನ್ನಬಾರದು, ಆದರೆ ರಾಯರಿಗೆ ಅವನು ಹಾಗೇ ಕಾಣುತ್ತಿದ್ದ. ಮೊನ್ನೆಯಿಂದ ಗಡ್ಡ ಕೆರೆದಿರಲಿಲ್ಲ, ಊಟ ಮಾಡಿದ್ದೂ ಅನುಮಾನವೇ.

“ಟಾಕಿಯೊಳಗ ಕೊಳವಿ ಬಾಯಿಗೆ ತಾಂಬ್ರದ ಜಾಳಿಗಿ ಅದ,” ಎಂದ. “ನನ್ನ ಕೈಯಾರೆ ಕೂಡಿಸೀನಿ. ಅದನ್ನ ದಾಟಿ ಇಂಥಾ ಗಂಟು ಬರೂದು ಶಕ್ಯನಽ ಇಲ್ಲ.”

“ಇತ್ತು ಅನ್ನು. ಮುಂಜಾನೆ ಮುಳುಗಿ ನೋಡಿದಾಂವ ಏನಂದಾ? ಬಾಯಿ ಬೋಳು ಅದ ಅಂದಾ.”

“ಅಂದ್ರ ಯಾರೋ ತಗದಾರ.”

“ಟಾಕಿ ಮುಚ್ಚಳದ ಬೀಗ?”

“ಒಡದಿಲ್ಲ. ಕೀಲಿಕೈ ಎರಡವ. ಒಂದು ಮೈಲಾರಪ್ಪನ ಉಡದಾರಕ್ಕ, ಇನ್ನೊಂದು ನಮ್ಮ ಮನ್ಯಾಗ ಗೂಟಕ್ಕ.”

ಮೈಲಾರಪ್ಪ ತಟ್ಟನೆ ಸೊಂಟ ಮುಟ್ಟಿ ನೋಡಿಕೊಂಡ. “ನಂದು ಇಲ್ಲೇ ಐತ್ರೀ. ಮಲಗುವಾಗೂ ಬಿಚ್ಚೂದಿಲ್ಲ,” ಎಂದ. ಯಾರೂ ಕೇಳಿರಲಿಲ್ಲ.

“ರಾಯರ, ಹೊತ್ತು ಹೋಗಾಕತ್ತೈತಿ,” ಎಂದರು ಕೊಡೆಯ ಕೆಳಗೆ ನಿಂತಿದ್ದ ಪ್ರೆಸಿಡೆಂಟ್ ಮಹಾದೇವಪ್ಪನವರು. ಹತ್ತಿ ವ್ಯಾಪಾರಿ, ಮೆತ್ತಗೆ ಮಾತಾಡುವವರು. ಕೆಟ್ಟ ಸುದ್ದಿಯನ್ನೂ ಮೆತ್ತಗೇ ಹೇಳುತ್ತಿದ್ದರು. “ದೀಪ ಹಚ್ಚೂ ಹೊತ್ತಿಗೆ ಸಭಾ ಐತ್ರಿ. ಅಷ್ಟರಾಗ ಇದು ಯಾರ ಕೆಲಸ ಅಂತ ತಿಳೀಲಿಲ್ಲಂದ್ರ ಮೆಂಬರಗೋಳು ಇಂಜಿನಿಯರನ್ನ ಮನಿಗೆ ಕಳಸ್ತಾರ. ಹೊಂಡಾ ಮತ್ತ ತಗಸ್ತಾರ. ನನ್ನ ಕೈಯಾಗ ಏನೂ ಉಳದಿಲ್ಲ.”

ಹೊಂಡ ಎಂದರೆ ಓಣಿಯ ನಡುವಿನ ಮೆಟ್ಟಿಲ ಹೊಂಡ. ಜನ ಅದರಲ್ಲಿ ಕಾಲಿಳಿಬಿಟ್ಟು ಕೊಡ ತುಂಬಿ, ಅದೇ ನೀರು ಕುಡಿದು, ವರ್ಷ ವರ್ಷ ನಾರುಹುಣ್ಣು ತರಿಸಿಕೊಂಡು ಕುಂಟುತ್ತಿದ್ದರು. ಬೇಸಿಗೆಯಲ್ಲಿ ಕಾಲರಾ ಬೇರೆ. ಯಜ್ಞೇಶ್ವರ ಅದಕ್ಕೆ ಕಲ್ಲು ಹಾಸಿ ಮುಚ್ಚಿಸಿದ್ದ.

“ಮಾಡಿದಾಂವ ಚೌಕ್ಯಾಗ ಕುಂತಾನಲ್ಲರಿ,” ಎಂದ ಮೈಲಾರಪ್ಪ. “ಅರಿಶಿಣ, ಅಕ್ಕಿ, ಕೊಬ್ಬರಿ. ಪೂಜಾರಿ ಕೈಗುಣ ಅಲ್ಲದ ಇದು ಮತ್ತೇನರಿ?”

ಅವನು ಹೇಳಿದ್ದು ಶಾಂತಯ್ಯನವರ ಬಗ್ಗೆ. ಹೊಂಡದ ಮೆಟ್ಟಿಲ ಮೇಲಿನ ಗಂಗವ್ವನ ಗುಡಿಯ ಅಯ್ಯನವರು. ಹೊಂಡ ಮುಚ್ಚಿದ ದಿನ “ನಿಮ್ಮ ನಳದಾಗ ನೀರು ಹೆಂಗ ಬರತಾವ ನಾನೂ ನೋಡತೇನಿ” ಎಂದು ಊರ ಮುಂದೆ ಅಂದಿದ್ದರು. ನಿನ್ನೆಯಿಂದ ಪೊಲೀಸ್ ಚೌಕಿಯಲ್ಲಿದ್ದರು. ಏನು ಕೇಳಿದರೂ “ಗಂಗವ್ವನ್ನ ಕೇಳ್ರಿ” ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ.

ರಾಯರು ಅಕ್ಕಿಯನ್ನು ಬೆರಳಲ್ಲಿ ಹರವಿ ನೋಡಿದರು. ಮಾಟದವರ ಗಂಟುಗಳು ಅವರಿಗೆ ಹೊಸವಲ್ಲ. ಅದರಲ್ಲಿ ನಿಂಬೆಹಣ್ಣು ಇರುತ್ತದೆ, ಸೂಜಿ ಇರುತ್ತದೆ, ಯಾರದೋ ಕೂದಲು ಇರುತ್ತದೆ. ಈ ಗಂಟಿನಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ. ಕಲ್ಲು ಆರಿಸಿದ ಅಕ್ಕಿ, ಹುಳುಕಿಲ್ಲದ ಉತ್ತತ್ತಿ, ಹೊಸ ಖಣ. ಇದು ಉಡಿ. ಹೆಣ್ಣುಮಗಳೊಬ್ಬಳು ಮನಸ್ಸಿಟ್ಟು ಕಟ್ಟಿದ ಉಡಿ.

ನೀರಿಗೆ ಉಡಿ ತುಂಬುವವಳು ಯಾರು? ಬಾಣಂತಿತನ ಮುಗಿಸಿ ಮೊದಲ ಸಲ ನೀರಿಗೆ ಹೋಗುವ ತಾಯಿ. ಬಾವಿಗೋ ಹೊಂಡಕ್ಕೋ ಹೋಗಿ ಗಂಗೆಯನ್ನು ಪೂಜಿಸಿ, ಉಡಿ ಬಿಟ್ಟು, ನನ್ನ ಕೂಸನ್ನು ಕಾಯವ್ವಾ ಎಂದು ಬೇಡಿಕೊಂಡು ಬರುತ್ತಾಳೆ. ಇದ್ದೊಂದು ಹೊಂಡವನ್ನೂ ಮುಚ್ಚಿಬಿಟ್ಟರೆ ಅವಳು ಎಲ್ಲಿಗೆ ಹೋದಾಳು?

ಇದನ್ನು ರಾಯರು ಯಾರಿಗೂ ಹೇಳಲಿಲ್ಲ. ಗಂಟನ್ನು ಶಲ್ಯದಲ್ಲಿ ಸುತ್ತಿಕೊಂಡು, ಯಜ್ಞೇಶ್ವರನ ಕೈ ಹಿಡಿದು ಹೇಗೋ ಮೇಲೆ ಬಂದರು. ಆ ಕೈ ತಣ್ಣಗಿತ್ತು.

“ಉಂಡು ಬಾ ಹೋಗು,” ಎಂದರು.

“ನೀರು ಬಂದ ಮ್ಯಾಲೆ ಉಣ್ಣತೀನಿ ಕಾಕಾ.”

*

ಹಸಿದ ಹೊಟ್ಟೆಯಲ್ಲಿ ಯಾರನ್ನೂ ಅನುಮಾನಿಸಬಾರದು ಎಂಬುದು ರಾಯರು ನೌಕರಿಯುದ್ದಕ್ಕೂ ಪಾಲಿಸಿದ ನೇಮ. ಆದ್ದರಿಂದ ಮೊದಲು ಮನೆಗೆ ಬಂದರು.

ಹಿತ್ತಲಲ್ಲಿ ಹೊರಸಿನ ಮೇಲೆ ಸಂಡಿಗೆ ಒಣಗುತ್ತಿದ್ದವು. ಕಾಗೆ ಮುಟ್ಟದಂತೆ ಅಂಬಾಬಾಯಿ ಮೇಲೆ ಏನನ್ನೋ ಮುಚ್ಚಿದ್ದರು. ರಾಯರು ಅದರ ಪಕ್ಕದಲ್ಲೇ ನಿಂತು ಕಾಲು ತೊಳೆದು ಒಳಗೆ ಹೋದರು. ತಾಟಿನಲ್ಲಿ ಅನ್ನವಿತ್ತು.

“ಭಕ್ರಿ ಇಲ್ಲೇನು?”

“ಇಲ್ಲ.”

“ಯಾಕ?”

ಅಂಬಾಬಾಯಿ ಬಲಗೈ ಎತ್ತಿ ತೋರಿಸಿದರು. ತೋರುಬೆರಳಿಗೆ ಅರಿಶಿನ ಸುಣ್ಣ ಮೆತ್ತಿ ಅರಿವೆ ಸುತ್ತಿತ್ತು. “ಕುಟ್ಟುವಾಗ ಒಳ್ಳಿನಾಗ ಸಿಕ್ತು. ಶುಕ್ರವಾರದಿಂದ ಹೀಂಗಽ ಅದ. ಸಾಹೇಬರಿಗೆ ಇವತ್ತು ಕಂಡದ.”

ಕಳ್ಳನೊಬ್ಬನ ಉಗುರಿನ ಸಂದಿಯ ಮಣ್ಣು ನೋಡಿ, ಇದು ಅಮ್ಮಿನಬಾವಿಯ ಎರೆಮಣ್ಣು ಎಂದು ಹೇಳಿ ಅವನನ್ನು ಹಿಡಿದ ಖ್ಯಾತಿ ರಾಯರದು. ಆ ಖ್ಯಾತಿ ಅಡುಗೆಮನೆಯ ಹೊಸ್ತಿಲಿನ ಆಚೆಗೇ ನಿಲ್ಲುತ್ತಿತ್ತು. ನಾಚಿಕೆಯಾಗಿ ತಾವೇ ಎದ್ದು ಇನ್ನೊಂದು ತಾಟು ಹಾಕಿ, ಹೆಂಡತಿಗೂ ಬಡಿಸಿ, ಉಪ್ಪಿನಕಾಯಿಯನ್ನು ಅವರ ಎಡಗೈಗೆ ಎಟಕುವಂತೆ ಸರಿಸಿದರು. ಮಕ್ಕಳಿಲ್ಲದ ಮನೆ. ಇಬ್ಬರೇ ಇದ್ದು ಇದ್ದು, ಗಂಡ ಉಂಡ ಮೇಲೆ ಹೆಂಡತಿ ಉಣ್ಣಬೇಕೆಂಬ ಪದ್ಧತಿ ಅಲ್ಲಿ ಎಂದೋ ಬಿಟ್ಟುಹೋಗಿತ್ತು.

“ಶಾಂತಯ್ಯನವರನ್ನ ಬಿಡಸ್ತೀರೋ ಇಲ್ಲೊ?” ಅಂಬಾಬಾಯಿ ಕೇಳಿದರು.

“ಮಾಡಿದವರು ಸಿಕ್ಕರ ಬಿಡಸ್ತೀನಿ.”

“ಮಾಡಿದವರು ಕೆಟ್ಟದ್ದಕ್ಕ ಮಾಡಿರಲಿಕ್ಕಿಲ್ಲ.”

“ಉಡಿ ಬಿಟ್ಟವರು ಕೆಟ್ಟದ್ದಕ್ಕ ಬಿಟ್ಟಿಲ್ಲ, ಅಷ್ಟು ನನಗೂ ತಿಳೀತದ. ಆದ್ರ ಜಾಳಿಗಿ ತಗದವರು? ಅದೊಂದು ಇದ್ದಿದ್ರ ಉಡಿ ಟಾಕಿಯೊಳಗಽ ಉಳೀತಿತ್ತು. ನೀರು ತನ್ನ ಪಾಡಿಗೆ ತಾ ಹೋಗತಿತ್ತು. ಖರೇ ಕಳ್ಳ ಇದ್ರ ಜಾಳಿಗಿ ಕಳ್ಳ.”

“ಜಾಳಿಗಿ ಅಂದ್ರ ಹೆಂಗಿರತದ?”

ಹೆಂಡತಿ ತಮ್ಮ ಕೆಲಸದ ಬಗ್ಗೆ ಪ್ರಶ್ನೆ ಕೇಳಿದರೆ ರಾಯರಿಗೆ ಆಗುವ ಆನಂದ ಅಷ್ಟಿಷ್ಟಲ್ಲ. ತಾವು ಅದನ್ನು ಕಣ್ಣಾರೆ ನೋಡಿಲ್ಲವೆಂಬುದನ್ನೂ ಮರೆತು ಕೈಯಾಡಿಸಿ ವರ್ಣಿಸಿದರು. “ತಾಂಬ್ರದ್ದು. ಹರಿವಾಣದಷ್ಟು ಅಗಲ. ಸಣ್ಣ ಸಣ್ಣ ಕಣ್ಣು. ಸುತ್ತ ಹಿತ್ತಾಳಿ ಪಟ್ಟಿ ಬಡದಾರ.”

ಮಜ್ಜಿಗೆ ಹಾಕಲು ಎತ್ತಿದ ಸೌಟು ಅಂಬಾಬಾಯಿಯ ಕೈಯಲ್ಲೇ ನಿಂತಿತು.

“ಬೆರಳು ನೋಯ್ತದೇನು?”

“ಹೂಂ,” ಎಂದರು ಅವರು. “ನೋಯ್ತದ.”

*

ಯಜ್ಞೇಶ್ವರನ ಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು. ಹಗ್ಗ ಹಿಡಿದು ಕೂತಿದ್ದ ನಿರುಪಮಾ ರಾಯರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. ಧಾರವಾಡದ ಸಾಲಿ ಮಾಸ್ತರರ ಮಗಳು. ಎಂದೂ ನಗುನಗುತ್ತ ಬಾಗಿಲಿಗೆ ಬರುತ್ತಿದ್ದವಳು ಇಂದು ಬರಲಿಲ್ಲ.

“ಬರ್ರಿ ಕಾಕಾ. ಇವರು ಮನ್ಯಾಗಿಲ್ಲ.”

“ಗೊತ್ತದವ್ವಾ. ಅದಕ್ಕಽ ಈಗ ಬಂದೆ.”

ಗೋಡೆಯ ಗೂಟಕ್ಕೆ ಕೀಲಿಕೈ ತೂಗುಬಿದ್ದಿತ್ತು. ತೊಟ್ಟಿಲಲ್ಲಿ ಕೂಸು ಸುಲಭಾ, ತಲೆಯಿಂದ ಬೆನ್ನಿನವರೆಗೆ ಇಳಿದ ಕುಂಚಿಗೆ ಹಾಕಿಕೊಂಡು ಕಣ್ಣು ಬಿಟ್ಟು ಮಲಗಿತ್ತು. ಕುಂಚಿಗೆ ಬಿಳಿ ಅರಿವೆಯದು. ಅದರ ಕೊರಳ ಸುತ್ತ ಮಾತ್ರ ಹಸಿರಿನೊಳಗೆ ಕೆಂಪು ಅಂಚು ಕೂಡಿಸಿ ಹೊಲಿದಿತ್ತು.

ರಾಯರು ಚಾಪೆಯ ಮೇಲೆ ಕೂತು ಶಲ್ಯ ಬಿಚ್ಚಿ ಒದ್ದೆ ಖಣವನ್ನು ಹರವಿದರು. ಅಂಚು ಕತ್ತರಿಸಿದ ಬದಿ ನಿರುಪಮಾಳ ಕಡೆಗಿತ್ತು.

“ಕುಂಚಿಗಿ ಛಲೋ ಹೊಲದೀ,” ಎಂದರು.

ಅವಳು ಸುಳ್ಳು ಹೇಳಬಹುದಿತ್ತು. ಅದೇ ಥಾನಿನ ಖಣ ಊರಲ್ಲಿ ನೂರು ಮನೆಯಲ್ಲಿದ್ದೀತು. ಆದರೆ ಅವಳು ಕುಸಿದು ಕೂತು ಆ ಒದ್ದೆ ಬಟ್ಟೆಯ ಮೇಲೆ ಕೈಯಾಡಿಸಿದಳು.

“ಅಂಚು ಅಷ್ಟಽ ಇಟಗೊಂಡೆ ಕಾಕಾ. ಗಂಗವ್ವನ ಪ್ರಸಾದ ಕೂಸಿನ ಮೈಮ್ಯಾಲೆ ಇರಲಿ ಅಂತ.”

“ಯಾವಾಗ?”

“ಶುಕ್ರವಾರ. ಗುಡಿಗೆ ಹೋಗತೀನಂತ ಹೇಳಿ ಕೀಲಿಕೈ ತಗೊಂಡು ಹೋದೆ. ಆಗಿನ್ನೂ ನಳ ತಿರವಿದ್ದಿಲ್ಲ. ಟಾಕಿ ಅಷ್ಟಽ ತುಂಬಿತ್ತು.”

ರಾಯರು ಸುಮ್ಮನಿದ್ದರು. ಪೊಲೀಸಿನಲ್ಲಿ ಅವರು ಕಲಿತ ವಿದ್ಯೆಗಳಲ್ಲಿ ಇದೊಂದು ನಿಜಕ್ಕೂ ಒಳ್ಳೆಯದು.

“ನಮ್ಮ ಮೊದಲನೇ ಕೂಸು, ತ್ರ್ಯಂಬಕ, ಹೋದದ್ದು ನಿಮಗ ಗೊತ್ತದಲ್ಲ,” ಎಂದಳು. “ಕಾಲರಾ. ಹೊಂಡದ ನೀರು. ಅವತ್ತು ಇವರು ಅಳಲಿಲ್ಲ. ಹೊಂಡದ ಕಟ್ಟಿ ಮ್ಯಾಲೆ ಹೋಗಿ ಕೂತರು. ಸಂಜಿಕ ಮನಿಗೆ ಬಂದು, ಈ ಊರಿಗೆ ಚೊಕ್ಕ ನೀರು ತರತೀನಿ ಅಂದ್ರು. ಅಷ್ಟಽ. ಅವತ್ತಿನಿಂದ ಬರೇ ಕೊಳವೀ ಮಾತು.”

“ಹೂಂ.”

“ಈ ಕೂಸು ಹುಟ್ಟಿದಾಗಿಂದ ನನಗ ನೀರು ಅಂದ್ರ ಹೆದರಿಕಿ ಕಾಕಾ. ಒಂದು ಚಮಚಾ ಕುಡಸಬೇಕಾದ್ರೂ ಎರಡೆರಡು ಸಲ ಕುದಸತೀನಿ. ಗಂಗಾಪೂಜಾ ಮಾಡದ ಹೆಂಗಿರಲಿ? ಹೊಂಡ ಮುಚ್ಚ್ಯದ. ಇವರಿಗೆ ಹೇಳಿದ್ರ ಬೈತಾರ. ಕಡೀಕೆ ಶಾಂತಯ್ಯನವರನ್ನ ಕೇಳಿದೆ, ಎಲ್ಲಿ ಮಾಡ್ಲಿ ಅಂತ. ಅವರು ದಿಬ್ಬದ ಕಡೆ ಕೈ ಮಾಡಿ, ‘ಗಂಗವ್ವ ಈಗ ಅಲ್ಲಿ ಅದಾಳ ತಾಯಿ. ನನ್ನ ಸಿಟ್ಟು ನಿನ್ನ ಗಂಡನ ಮ್ಯಾಲೆ, ಆಕಿ ಮ್ಯಾಲಲ್ಲ’ ಅಂದ್ರು.”

ಗಂಗವ್ವನ್ನ ಕೇಳ್ರಿ. ಆ ಮುದುಕ ಚೌಕಿಯಲ್ಲಿ ಕೂತು ಅದೊಂದೇ ಮಾತನ್ನು ಯಾಕೆ ಹಿಡಿದಿದ್ದಾನೆಂದು ರಾಯರಿಗೆ ಈಗ ತಿಳಿಯಿತು. ತನ್ನ ಹೊಂಡ ಮುಚ್ಚಿಸಿದವನ ಹೆಂಡತಿಯ ಹೆಸರು ಬಾಯಿಗೆ ಬಾರದಂತೆ ಅವನು ಕಾದುಕೊಂಡಿದ್ದ.

“ಟಾಕಿಯೊಳಗ ಬಗ್ಗಿ ನೋಡಿದೆ. ಎಷ್ಟು ತಿಳಿ ಇತ್ತು ಕಾಕಾ! ಕೂಸಿನ ಮಾರಿ ಕಾಣಸ್ತು. ಇಂಥಾ ನೀರು ತಂದಾರ ನಮ್ಮವರು ಅಂತ ಹೆಮ್ಮಿ ಆತು ನನಗ. ಉಡಿ ಬಿಟ್ಟು, ಇವರ ಕೆಲಸ ಕೈಗೂಡಲಿ, ಇದೊಂದು ಕೂಸು ನನಗ ಉಳೀಲಿ ಅಂತ ಬೇಡಿಕೊಂಡೆ.” ಅವಳ ದನಿ ಒಡೆಯಿತು. “ಬಾವಿಗೆ ಬಿಟ್ಟ ಉಡಿ ಎಲ್ಲಿಗೂ ಹೋಗೂದಿಲ್ಲ. ಇದು ಹೋಗಿ ಇವರ ಕೊರಳಿಗೇ ಕೂಡತದ ಅಂತ ನನಗೇನು ಗೊತ್ತಿತ್ತು?”

ತೊಟ್ಟಿಲಲ್ಲಿ ಕೂಸು ಕುಂಯ್‌ಗುಟ್ಟಿತು. ರಾಯರೇ ಹಗ್ಗ ಹಿಡಿದು ತೂಗಿದರು. ತೂಗುವ ರೂಢಿಯಿಲ್ಲದ ಕೈ, ಜೋರಾಯಿತು. ನಿರುಪಮಾ ಅಳುತ್ತಲೇ ಅವರ ಕೈ ಹಿಡಿದು ಮೆಲ್ಲಗೆ ಮಾಡಿದಳು.

“ನಾ ಸಭಾಕ್ಕ ಬಂದು ಹೇಳತೀನಿ,” ಎಂದಳು. “ಶಾಂತಯ್ಯನವರು ಮನಿಗೆ ಹೋಗಲಿ.”

“ಹೇಳಿದಿ ಅಂದ್ರ ಯಜ್ಞೇಶ ಉಳೀತಾನೇನು? ಅವನ ಕೀಲಿಕೈ, ಅವನ ಹೆಂಡತಿ. ನಗತಾರ ಮಂದಿ. ನಕ್ಕು ಕಳಿಸಿಬಿಡತಾರ.”

“ಅದಕ್ಕಽ ಇಷ್ಟು ದಿನ ಬಾಯಿ ಬಿಟ್ಟಿಲ್ಲ. ಇವರೂ ಏನೂ ಮಾತಾಡೂದಿಲ್ಲ. ಬರತಾರ, ಕೂಸಿನ್ನ ನೋಡತಾರ, ಹೋಗತಾರ.”

ಜಾಳಿಗೆ ತೆಗೆದವನು ಸಿಕ್ಕರೆ ಎಲ್ಲರೂ ಉಳಿದುಕೊಳ್ಳುತ್ತಾರೆ ಎಂದು ರಾಯರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಯಜ್ಞೇಶ್ವರ, ಶಾಂತಯ್ಯ, ಈ ಹುಡುಗಿ, ಊರ ನೀರು. ಅದಕ್ಕೆ ಮೊದಲು ತಿಳಿಯಬೇಕಾದದ್ದು ಒಂದಿತ್ತು.

“ಟಾಕಿ ಮುಚ್ಚಳ ಬೀಡಿನದು,” ಎಂದರು. “ಒಬ್ಬರಿಂದ ಏಳೂದಿಲ್ಲ. ನೀ ಬಾಣಂತಿ, ಅದರ ಮ್ಯಾಲೆ ಕೂಸು ಬ್ಯಾರೆ. ಯಾರು ಬಂದಿದ್ರು ನಿನ್ನ ಜೋಡಿ?”

“ಅದೊಂದು ಕೇಳಬ್ಯಾಡ್ರಿ ಕಾಕಾ.”

“ಕೇಳಲಿಕ್ಕೇ ಬೇಕವ್ವಾ.”

ನಿರುಪಮಾ ಅವರ ಮುಖ ನೋಡಲಿಲ್ಲ. ಕೂಸಿನ ಕುಂಚಿಗೆ ಸರಿಮಾಡುತ್ತ ಹೇಳಿದಳು.

“ಮುಚ್ಚಳ ಜಾರಿ ಅವರ ಬೆರಳ ಮ್ಯಾಲೆ ಬಿತ್ತು. ರಕ್ತ ಬಂತು. ಆದರೂ ಆರತಿ ಮುಗಿಯೂತನಕ ಅವರು ಕೂಸಿನ್ನ ತೋಳಿನಿಂದ ಇಳಸಲಿಲ್ಲ.”

ಶುಕ್ರವಾರ. ಅರಿಶಿನ ಸುಣ್ಣ. ಭಕ್ರಿಯಿಲ್ಲದ ತಾಟು. ಊರೆಲ್ಲ ಹುಡುಕಿ ಹೊರಟ ರಾಯರು ಮಧ್ಯಾಹ್ನ ಸುಳಿವಿನ ಎದುರಿಗೇ ಕೂತು ಅನ್ನ ಸಾರು ಉಂಡಿದ್ದರು.

ಅವರಿಗೆ ಸಿಟ್ಟು ಬರಲಿಲ್ಲ. ಕಣ್ಣ ಮುಂದೆ ಬಂದದ್ದು ದಿಬ್ಬದ ಗಾಳಿಯಲ್ಲಿ ರಕ್ತದ ಕೈಯಿಂದ ಬೇರೆಯವರ ಕೂಸನ್ನು ಎದೆಗವಚಿಕೊಂಡು ನಿಂತ ಅಂಬಾಬಾಯಿ. ತನಗಾಗಿ ಎಂದೂ ಒದಗಿ ಬಾರದ ಗಂಗಾಪೂಜೆಯನ್ನು ಆಕೆ ಅಲ್ಲಿ ಕಣ್ತುಂಬ ನೋಡಿದ್ದಳು. ಬಂದು ಗಂಡನಿಗೆ ಹೇಳಿಕೊಳ್ಳುವ ಆಸೆ ಎಷ್ಟಿತ್ತೋ. ಗಂಡ ಫೌಜದಾರನಾಗಿದ್ದವನೆಂಬ ಅಂಜಿಕೆಗೆ ಹೇಳಿರಲಿಲ್ಲ. ಅದೊಂದು ರಾಯರನ್ನು ಚುಚ್ಚಿತು.

*

ಮನೆಗೆ ಬಂದಾಗ ಹಿತ್ತಲ ತುಂಬ ಕಾಗೆಗಳು. ಹೊರಸಿನ ಮೇಲೆ ಸಂಡಿಗೆ ಬಯಲಾಗಿ ಬಿದ್ದಿದ್ದವು. ಮೇಲೆ ಮುಚ್ಚಿದ್ದು ಇರಲಿಲ್ಲ. ಬಾಗಿಲಿಗೆ ಚಿಲಕ ಹಾಕಿತ್ತು.

“ಅಕ್ಕಾರು ಚೌಕಿಗೆ ಹೋದ್ರರಿ,” ಎಂದಳು ಪಕ್ಕದ ಮನೆಯ ಶಿವಬಸವ್ವ. “ಸೆರಗಿನಾಗ ಏನೋ ಮುಚಗೊಂಡು ಲಗೂ ಲಗೂ ಹೋದ್ರು. ಶಾಂತಯ್ಯನವರನ್ನ ಬಿಡಿಸಿಕೊಂಡು ಬರತೇನಂದ್ರು.”

ಮೊಣಕಾಲು ಬೇಡವೆಂದರೂ ರಾಯರು ಓಡಿದರು. ಎದುರಿಗೆ ಸಭೆಗೆ ಹೊರಟ ಮೆಂಬರುಗಳ ಟಾಂಗಾಗಳು ಬರುತ್ತಿದ್ದವು. ಯಾರೋ ಕೈಮುಗಿದರು, ಅವರು ನೋಡಲಿಲ್ಲ.

ಚೌಕಿಯ ಬಾಗಿಲಲ್ಲಿ ಪೇದೆ ಚನ್ನಯ್ಯ ನಿಂತಿದ್ದ. ಹಿಂದೆ ರಾಯರ ಕೈಕೆಳಗೆ ದುಡಿದವನು. ಸಲಾಮು ಹೊಡೆದು ನೆಲ ನೋಡಿದ.

“ಸಾಹೇಬ್ರ, ಬಾಯಾರು ಎಲ್ಲಾ ತಾವಽ ಮಾಡೇನಿ ಅನ್ನಾಕತ್ತಾರ್ರಿ. ಉಡಿನೂ ನಾನಽ ಬಿಟ್ಟೆ, ಜಾಳಿಗಿನೂ ನಾನಽ ತಗದೆ ಅಂತಾರ್ರಿ. ಈಗಿನ ಫೌಜದಾರ ಸಾಹೇಬ್ರು ಪ್ರೆಸಿಡೆಂಟರನ್ನ ಕರಕೊಂಡು ಬರಾಕ ಹೋಗ್ಯಾರ್ರಿ.”

ಮೇಜಿನ ಮೇಲೆ ಹರಿವಾಣದಷ್ಟು ಅಗಲದ ತಾಮ್ರದ ಜಾಳಿಗೆ. ಸುತ್ತ ಹಿತ್ತಾಳೆ ಪಟ್ಟಿ. ಸಣ್ಣ ಕಣ್ಣುಗಳಲ್ಲಿ ಸಂಡಿಗೆಯ ಹಿಟ್ಟು ಒಣಗಿ ಅಂಟಿಕೊಂಡಿತ್ತು.

“ರಾಯರ,” ಎಂದರು ಮೂಲೆಯ ಬೆಂಚಿನಿಂದ ಶಾಂತಯ್ಯನವರು, ಮೊದಲ ಸಲ ಬೇರೆ ಮಾತಾಡಿ. “ಈ ತಾಯಿ ಸುಳ್ಳು ಹೇಳಾಕತ್ತಾಳ.”

“ಗೊತ್ತದ ಅಯ್ಯಾರ.”

ರಾಯರು ಹೆಂಡತಿಯ ಪಕ್ಕದಲ್ಲಿ ಕೂತರು.

“ಸಂಡಿಗಿ ಎಲ್ಲಾ ಕಾಗಿ ತಿಂದುವೇನು?” ಅಂಬಾಬಾಯಿ ಕೇಳಿದರು.

“ತಿಂದುವು.”

“ಹೋಗಲಿ ಬಿಡ್ರಿ.”

“ಕೊಡದಾಗ ಬಗ್ಗಿ ನೋಡಿದ್ರ ತಲಿ ತಿರಗಾಕಿ ನೀ. ಟಾಕಿ ತಳಕ್ಕ ಮುಳಗಿ ಜಾಳಿಗಿ ತಗದಿಯೇನು?” ರಾಯರು ಆ ಸುತ್ತಿದ ಬೆರಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. “ಇದನ್ನ ಯಾರು ಕೊಟ್ಟರು? ಫೌಜದಾರ ಅಂತ ಕೇಳವಲ್ಲೆ. ನಿನ್ನ ಗಂಡ ಕೇಳಲಿಕ್ಹತ್ತೀನಿ.”

ಅಂಬಾಬಾಯಿಯ ಕಣ್ಣು ತುಂಬಿತು. “ಹೇಳಿದ್ರ ನೀವು ಸಭಾದಾಗ ಹೇಳಬೇಕಾಗತದ. ಸುಳ್ಳು ಹೇಳಲಿಕ್ಕೆ ನಿಮಗ ಬರೂದಿಲ್ಲ.”

“ಹೇಳು.”

ಚನ್ನಯ್ಯ ಬೀದಿಯ ಕಡೆ ಮುಖ ತಿರುಗಿಸಿ ನಿಂತ. ಅಂಬಾಬಾಯಿ ಗಂಡನ ಕಿವಿಯ ಹತ್ತಿರ ಬಾಗಿದರು.

“ನಿರುಪಮಾ ಕೊಟ್ಟಳು, ಹೋದ ವಾರ. ಹೆಚ್ಚಿನ ಸಾಮಾನಿರಬೇಕು, ಸಂಡಿಗಿ ಮ್ಯಾಲೆ ಮುಚ್ಚಲಿಕ್ಕೆ ಛಲೋ ಆಗತದ ತಗೊಳ್ರಿ ಕಾಕು ಅಂತ. ಆಕಿಗೆ ಇದು ಏನಂತ ಗೊತ್ತಿಲ್ಲ ಪಾಪ. ಅರಿವಿ ಬಿಸಲಿಗೆ ಹಾಕುವಾಗ ಸಿಕ್ತಂತ.”

“ಎಲ್ಲಿ ಸಿಕ್ತಂತ?”

“ಯಜ್ಞೇಶನ ಪೆಟಗ್ಯಾಗ. ಕೋಟಿನ ಕೆಳಗ, ತಳಕ್ಕ, ಸುತ್ತಿಟ್ಟಿತ್ತಂತ.”

ಜಾಳಿಗೆ ಕಳ್ಳ ಎಂಬುವನು ಇರಲೇ ಇಲ್ಲ. ನನ್ನ ಕೈಯಾರೆ ಕೂಡಿಸೀನಿ ಎಂದಿದ್ದ ಹುಡುಗ ಅದನ್ನು ಕೂಡಿಸಿಯೇ ಇರಲಿಲ್ಲ.

ಹೊರಗೆ ಮುನ್ಸಿಪಾಲಿಟಿಯ ಆಳು ನಿಚ್ಚಣಿಕೆ ಹಾಕಿ ಬೀದಿಯ ಕಂದೀಲು ಹಚ್ಚುತ್ತಿದ್ದ. ಮೆಟ್ಟಿಲ ಮೇಲೆ ಬೂಟಿನ ಸಪ್ಪಳವಾಯಿತು. ಗಡ್ಡ ಬೆಳೆದ, ಉಣ್ಣದ ಮುಖವೊಂದು ಆಸೆಯಿಂದ ಬಾಗಿಲಲ್ಲಿ ಇಣುಕಿತು.

“ಕಾಕಾ, ಮಾಡಿದವರು ಸಿಕ್ಕರಂತಲ್ಲ?”

ಇಡೀ ನೌಕರಿಯಲ್ಲಿ ಒಂದೇ ಒಂದು ಸಾಕ್ಷ್ಯವನ್ನೂ ಮರೆಮಾಡದ ಏಕನಾಥರಾಯರು ಹೆಗಲ ಮೇಲಿನ ಶಲ್ಯವನ್ನು ಎಳೆದು ಜಾಳಿಗೆಯ ಮೇಲೆ ಹಾಕಿದರು.